ಮೈಯಲ್ಲಿ ನೀರೆಷ್ಟಿದೆ? ಹುಟ್ಟಿನಿಂದ ಮುಪ್ಪಿನವರೆಗೆ ಲೆಕ್ಕ ಹಾಕುವುದು, ನೋಡಿಕೊಳ್ಳುವುದು ಹೇಗೆ?

"ಮನುಷ್ಯನ ದೇಹದಲ್ಲಿ ಶೇ 70ರಷ್ಟು ನೀರೇ ಇದೆ" ಅನ್ನೋ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಆದರೆ ಯಾವ ಮನುಷ್ಯ, ಎಷ್ಟು ವಯಸ್ಸಿನವನು ಅಂತ ಯಾರೂ ಹೇಳುವುದಿಲ್ಲ. ಆಗ ತಾನೇ ಹುಟ್ಟಿದ ಮಗುವಿನಲ್ಲಿ ಸುಮಾರು ಶೇ 75 ನೀರಿರುತ್ತದೆ. ತಿಂಗಳು ತುಂಬದೆ ಹುಟ್ಟಿದ್ದರೆ 80 ದಾಟುವುದೂ ಉಂಟು. ವರ್ಷ ತುಂಬುವ ಹೊತ್ತಿಗೆ ಅದು 60-65ಕ್ಕೆ ಇಳಿದಿರುತ್ತದೆ. ಪ್ರಾಯದ ಗಂಡಸರಲ್ಲಿ ಹೆಚ್ಚುಕಡಿಮೆ 60, ಹೆಂಗಸರಲ್ಲಿ 50ರಿಂದ 55. ವಯಸ್ಸಾದ ಮೇಲೆ ಗಂಡಸರಲ್ಲಿ 50-55, ಹೆಂಗಸರಲ್ಲಿ 45-50.

ಇದನ್ನು ನೋಡಿದ ತಕ್ಷಣ "ಓ, ವಯಸ್ಸಾದಂತೆ ಮೈ ಒಣಗುತ್ತೆ, ಹಾಗಾದರೆ ಜಾಸ್ತಿ ನೀರು ಕುಡಿದು ಸರಿ ಮಾಡ್ಕೋಬೇಕು" ಅಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಎಷ್ಟು ಕುಡಿದರೂ ಈ ಶೇಕಡಾ ಲೆಕ್ಕ ಮೇಲೇರಿ ನಿಲ್ಲುವುದಿಲ್ಲ, ಹೆಚ್ಚಾಗಿದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ. ಆ ಸಂಖ್ಯೆಯನ್ನು ಹೆಚ್ಚಾಗಿ ತೀರ್ಮಾನಿಸುವುದು ಮೈಯಲ್ಲಿರುವ ಕೊಬ್ಬು ಮತ್ತು ಸ್ನಾಯು. ವಯಸ್ಸಿನ ಜೊತೆ ಬದಲಾಗುವ, ನಾವು ಗಮನ ಕೊಡಬೇಕಾದ ಸಂಗತಿಗಳು ಬೇರೆ: ನೀರು ಕಳೆದುಹೋದರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು, ಕಡಿಮೆಯಾಗಿದೆ ಅಂತ ಮೈ ಸರಿಯಾಗಿ ತಿಳಿಸುತ್ತದೋ ಇಲ್ಲವೋ. ಮಕ್ಕಳಿಗೆ ಮೊದಲನೆಯದು ಕಷ್ಟ. ವಯಸ್ಸಾದವರಿಗೆ ಎರಡೂ ಕಷ್ಟ. ನಡುವಿನ ವಯಸ್ಸಿನವರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ.

ಹಂತ 1: ನಿಮ್ಮ ಲೆಕ್ಕ ಮೊದಲು ಹಾಕಿಕೊಳ್ಳಿ

ಸ್ನಾಯುವಿನಲ್ಲಿ ಸುಮಾರು ಶೇ 75 ನೀರು. ಕೊಬ್ಬಿನಲ್ಲಿ ಶೇ 10-20 ಅಷ್ಟೇ. ಕೊಬ್ಬನ್ನು ಪೂರ್ತಿ ಬಿಟ್ಟು ಉಳಿದ ದೇಹವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ದೊಡ್ಡವರಲ್ಲಿ ಅದರ ಶೇ 73ರಷ್ಟು ನೀರು. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು, ಉಳಿದದ್ದೆಲ್ಲ ಗುಣಾಕಾರ.

70 ಕೆ.ಜಿ. ತೂಕದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬನಲ್ಲಿ ಶೇ 15 ಕೊಬ್ಬು. ಅಂದರೆ ಕೊಬ್ಬು ಬಿಟ್ಟ ತೂಕ 59.5 ಕೆ.ಜಿ., ಅದರ ಶೇ 73 ಅಂದರೆ 43 ಲೀಟರ್ ಚಿಲ್ಲರೆ, ಒಟ್ಟು ತೂಕದ ಶೇ 62. ಇನ್ನೊಬ್ಬನಲ್ಲಿ ಶೇ 35 ಕೊಬ್ಬು. ಅವನಲ್ಲಿ ನೀರು 33 ಲೀಟರ್, ಶೇ 47. ವಯಸ್ಸು ಒಂದೇ, ತೂಕ ಒಂದೇ, ಇಬ್ಬರಿಗೂ ನೀರಿನ ಕೊರತೆ ಇಲ್ಲ, ಆದರೂ 10 ಲೀಟರ್ ವ್ಯತ್ಯಾಸ. ಹೆಂಗಸರ ಸಂಖ್ಯೆ ಕಡಿಮೆ ಬರುವುದಕ್ಕೂ, ವಯಸ್ಸಾದಂತೆ ಇಳಿಯುವುದಕ್ಕೂ ದೊಡ್ಡ ಕಾರಣ ಇದೇ.

ಕೊಬ್ಬಿನ ಪ್ರಮಾಣ ಗೊತ್ತಿಲ್ಲ ಅಂದರೆ ವಾಟ್ಸನ್ ಸೂತ್ರ ಇದೆ. 1980ರಲ್ಲಿ ಬಂದದ್ದು, ಡಯಾಲಿಸಿಸ್ ಮಾಡುವ ವೈದ್ಯರು ಈಗಲೂ ಬಳಸುತ್ತಾರೆ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಎತ್ತರ ಸೆಂಟಿಮೀಟರ್‌ನಲ್ಲಿ, ತೂಕ ಕೆ.ಜಿ.ಯಲ್ಲಿ ಇರಲಿ.

ಗಂಡಸರಿಗೆ: 2.447 − (0.09516 × ವಯಸ್ಸು) + (0.1074 × ಎತ್ತರ) + (0.3362 × ತೂಕ)

ಹೆಂಗಸರಿಗೆ: −2.097 + (0.1069 × ಎತ್ತರ) + (0.2466 × ತೂಕ)

ಬರುವ ಉತ್ತರ ಲೀಟರ್‌ಗಳಲ್ಲಿ. 30 ವರ್ಷದ, 170 ಸೆಂ.ಮೀ. ಎತ್ತರದ, 70 ಕೆ.ಜಿ. ಗಂಡಸಿಗೆ 41.4 ಲೀಟರ್ ಬರುತ್ತದೆ, ತೂಕದ ಶೇ 59. ಅದೇ ಎತ್ತರ, ಅದೇ ತೂಕ ಇಟ್ಟುಕೊಂಡು ವಯಸ್ಸನ್ನು 70 ಮಾಡಿ ನೋಡಿ: 37.6 ಲೀಟರ್. ತೂಕದ ಮುಳ್ಳು ಅಲ್ಲೇ ಇದ್ದರೂ 40 ವರ್ಷದಲ್ಲಿ ಸುಮಾರು 4 ಲೀಟರ್ ಜಾರಿಹೋಗಿರುತ್ತದೆ, ಯಾಕಂದರೆ ಅಷ್ಟು ಹೊತ್ತಿಗೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದಿರುತ್ತದೆ. 158 ಸೆಂ.ಮೀ., 60 ಕೆ.ಜಿ. ಹೆಂಗಸಿಗೆ 29.6 ಲೀಟರ್, ಶೇ 49. ಹೆಂಗಸರ ಸೂತ್ರದಲ್ಲಿ ವಯಸ್ಸೇ ಇಲ್ಲ ಅನ್ನೋದನ್ನು ಗಮನಿಸಿದಿರಾ? ಸೂತ್ರ ಮಾಡುವಾಗ ಅವರ ಅಂಕಿಅಂಶಗಳಲ್ಲಿ ವಯಸ್ಸು ಸೇರಿಸಿದ್ದರಿಂದ ಅಂದಾಜು ಅಷ್ಟೇನೂ ಸುಧಾರಿಸಲಿಲ್ಲ, ಹಾಗಾಗಿ ಬಿಟ್ಟರು. ಇದು ದೊಡ್ಡವರಿಗೆ ಮಾತ್ರ, ಮಕ್ಕಳಿಗೆ ಹಾಕಬೇಡಿ.

ಹಂತ 2: ಮನೆಯ ತೂಕದ ಯಂತ್ರವನ್ನು ಪೂರ್ತಿ ನಂಬಬೇಡಿ

ಪ್ರಯೋಗಾಲಯದಲ್ಲಿ ಮೈಯ ನೀರನ್ನು ಅಳೆಯುವುದು ಭಾರಜಲದಿಂದ, ಅಂದರೆ ಹೈಡ್ರೋಜನ್‌ನ ಭಾರವಾದ ರೂಪ ಇರುವ ನೀರಿನಿಂದ. ಒಂದಿಷ್ಟು ಭಾರಜಲ ಕುಡಿಸಿ, ಅದು ಮೈತುಂಬ ಬೆರೆತ ಮೇಲೆ ಎಷ್ಟು ತೆಳುವಾಗಿದೆ ಅಂತ ನೋಡುತ್ತಾರೆ. 1934ರಲ್ಲಿ ಜಾರ್ಜ್ ಡಿ ಹೆವೆಸಿ ಮತ್ತು ಎರಿಕ್ ಹೋಫರ್ ಈ ದಾರಿಯಲ್ಲೇ ಮನುಷ್ಯನ ಮೈಯಲ್ಲಿ ನೀರು ಎಷ್ಟು ಕಾಲ ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದರು.

ಮನೆಯ ಸ್ಮಾರ್ಟ್ ತಕ್ಕಡಿ ಹಾಗಲ್ಲ. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ಅಡ್ಡಿಯಾಯಿತು ಅಂತ ನೋಡಿ, ನೀವು ಕೊಟ್ಟ ವಯಸ್ಸು, ಎತ್ತರ, ಲಿಂಗ ಎಲ್ಲ ಸೇರಿಸಿ ಒಂದು ಅಂದಾಜು ಹೇಳುತ್ತದೆ. ಪಾದ ಒದ್ದೆಯಿದ್ದರೆ, ಈಗ ತಾನೇ ಊಟ ಮಾಡಿದ್ದರೆ, ವ್ಯಾಯಾಮ ಮುಗಿಸಿ ಬಂದಿದ್ದರೆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮುಂಚೆ, ಒಣ ಪಾದದಲ್ಲಿ ನಿಂತು ನೋಡಿ. ಒಂದು ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ, ತಿಂಗಳುಗಟ್ಟಲೆ ಯಾವ ಕಡೆಗೆ ಹೋಗುತ್ತಿದೆ ಅನ್ನೋದು ಮುಖ್ಯ. ಪೇಸ್‌ಮೇಕರ್ ಇರುವವರು ಇಂಥ ಯಂತ್ರದ ಮೇಲೆ ಹತ್ತಲೇಬಾರದು.

ಇನ್ನೊಂದು ವಿಷಯ. ಒಂದೆರಡು ದಿನದಲ್ಲಿ ಆಗುವ ನೀರಿನ ಏರಿಳಿತ ತಿಳಿಯಬೇಕೆಂದರೆ ಆ ಶೇಕಡಾ ಸಂಖ್ಯೆಗಿಂತ ಸಾದಾ ತೂಕವೇ ಒಳ್ಳೆಯದು. ರಾತ್ರಿ ಬೆಳಗಾಗುವುದರೊಳಗೆ ಒಂದು ಕೆ.ಜಿ. ಕೊಬ್ಬು ಕರಗುವುದೂ ಇಲ್ಲ, ಸೇರುವುದೂ ಇಲ್ಲ. ಅದು ನೀರೇ.

ಹಂತ 3: ಹುಟ್ಟಿದ ಮಗು: ತೂಕ ಇಳಿದರೆ ಗಾಬರಿ ಬೇಡ, ನೀರು ಕುಡಿಸುವುದಂತೂ ಬೇಡವೇ ಬೇಡ

ದೊಡ್ಡವರ ಮೈಯಲ್ಲಿ ಮೂರನೇ ಎರಡು ಪಾಲು ನೀರು ಜೀವಕೋಶಗಳ ಒಳಗಿರುತ್ತದೆ, ಒಂದು ಪಾಲು ಹೊರಗೆ. ಹುಟ್ಟಿದ ಮಗುವಿನಲ್ಲಿ ಇದು ತಿರುಗುಮುರುಗು, ಕೋಶದ ಹೊರಗಿರುವ ನೀರೇ ಜಾಸ್ತಿ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗು ಈ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ತೂಕ ಇಳಿಯುವುದಕ್ಕೆ ಮುಖ್ಯ ಕಾರಣ ಅದೇ. 3 ಕೆ.ಜಿ. ಇದ್ದ ಮಗು 2.8ಕ್ಕೆ ಬಂದರೆ ಮನೆಮಂದಿಯೆಲ್ಲ "ಹಾಲು ಸಾಕಾಗ್ತಿಲ್ಲ" ಅಂತ ತಾಯಿಯ ಮೇಲೆ ಎಗರಾಡುತ್ತಾರೆ, ಪಾಪ. ಹುಟ್ಟಿದಾಗಿನ ತೂಕದಲ್ಲಿ ಶೇ 10ರವರೆಗೆ ಇಳಿಯುವುದು ಸಾಮಾನ್ಯ. 10-14 ದಿನದಲ್ಲಿ ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ಇಳಿಕೆ ಶೇ 10 ದಾಟಿದರೆ ಅಥವಾ ಎರಡು ವಾರವಾದರೂ ತೂಕ ಮರಳದಿದ್ದರೆ ವೈದ್ಯರಿಗೆ ತೋರಿಸಿ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಡೈಪರ್ ಎಣಿಸಿ. ಐದಾರು ದಿನ ಕಳೆದ ಮೇಲೆ 24 ಗಂಟೆಯಲ್ಲಿ ಕನಿಷ್ಠ 6 ಚೆನ್ನಾಗಿ ಒದ್ದೆಯಾಗಿರಬೇಕು. ಒದ್ದೆಯಾಗಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಒಣ ಡೈಪರ್ ಒಂದನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಆರು ತಿಂಗಳಾಗುವವರೆಗೆ ಬೇರೆ ನೀರು ಕೊಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ: ಆರು ತಿಂಗಳು ಎದೆಹಾಲು ಮಾತ್ರ. ಎದೆಹಾಲಿನಲ್ಲಿ ಶೇ 87ಕ್ಕಿಂತ ಹೆಚ್ಚು ನೀರೇ ಇದೆ, ಬಿಸಿಲಿನ ದಿನಗಳಲ್ಲೂ ಅದು ಸಾಕು. ಮಗುವಿನ ಕಿಡ್ನಿ ಹೆಚ್ಚುವರಿ ನೀರನ್ನು ನಮ್ಮಷ್ಟು ಬೇಗ ಹೊರಹಾಕಲಾರದು. ಬರೀ ನೀರು ಹೆಚ್ಚಾದರೆ ರಕ್ತದ ಸೋಡಿಯಂ ತೆಳುವಾಗಿ ಫಿಟ್ಸ್ ಬರಬಹುದು. ಪುಡಿಹಾಲು ಕೊಡುವವರೂ ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಬೇಕು. ಪುಡಿ ಉಳಿಸಲು ನೀರು ಜಾಸ್ತಿ ಹಾಕುವುದು ಮೇಲೆ ಹೇಳಿದ ತೊಂದರೆಯನ್ನೇ ತರುತ್ತದೆ. "ಬಾಯಿ ಒಣಗುತ್ತೆ, ಒಂದು ಚಮಚ ನೀರು ಹಾಕಿ" ಅಂತ ಯಾರಾದರೂ ಹಿರಿಯರು ಹೇಳಿದರೆ ನಕ್ಕು ಸುಮ್ಮನಾಗಿ, ಹಾಕಬೇಡಿ.

ಹಂತ 4: ಪುಟ್ಟ ಮಕ್ಕಳಿಗೆ ವಾಂತಿ-ಭೇದಿ ಆದಾಗ

ಮಗುವಿನ ಮೈಯಲ್ಲಿ ಶೇಕಡಾವಾರು ನೀರು ಜಾಸ್ತಿ ಇದೆ, ಹಾಗಾದರೆ ಅದಕ್ಕೆ ಭಯ ಕಡಿಮೆ ಅಲ್ವಾ? ಇಲ್ಲ, ಉಲ್ಟಾ. 7 ಕೆ.ಜಿ. ಮಗುವೊಂದು ಭೇದಿಯಲ್ಲಿ 350 ಮಿ.ಲೀ. ಕಳೆದುಕೊಂಡರೆ ಅದರ ತೂಕದ ಶೇ 5 ಹೋದಂತೆ, ಅಂದರೆ ನಿರ್ಜಲೀಕರಣ ಶುರುವಾಗಿದೆ. ಅಷ್ಟೇ ನೀರು 70 ಕೆ.ಜಿ.ಯ ಅಪ್ಪನ ಮೈಯಿಂದ ಹೋದರೆ ಶೇ 0.5, ಅವನಿಗೆ ಗೊತ್ತೂ ಆಗುವುದಿಲ್ಲ. ಮೇಲಾಗಿ, ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ದೊಡ್ಡದು, ಉಸಿರಾಟ ವೇಗ, ಕಿಡ್ನಿ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವುದರಲ್ಲಿ ಇನ್ನೂ ಹಿಂದೆ. ನೀರು ಬೇಕು ಅಂತ ಬಾಯಿಬಿಟ್ಟು ಹೇಳಲೂ ಬಾರದು.

ಮೊದಲ ಭೇದಿಯಿಂದಲೇ ಓ.ಆರ್.ಎಸ್. ಶುರು ಮಾಡಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ, ಅರ್ಧ ಪೊಟ್ಟಣ ಕಣ್ಣಂದಾಜಿನಲ್ಲಿ ಬೇಡ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿಶ್ರಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತದೆ. ಈ ಅಳತೆ ಸುಮ್ಮನೆ ಇಟ್ಟದ್ದಲ್ಲ. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಸಕ್ಕರೆ ಜಾಸ್ತಿಯಾದ ಪಾನೀಯ ಕೊಟ್ಟರೆ ನೀರು ಕರುಳಿನೊಳಕ್ಕೇ ಎಳೆದು ಭೇದಿ ಹೆಚ್ಚುತ್ತದೆ, ಅದಕ್ಕೇ ಜ್ಯೂಸ್, ಸೋಡಾ ಬೇಡ.

ಎಷ್ಟು ಕೊಡಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50-100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100-200 ಮಿ.ಲೀ. ಲೋಟದಲ್ಲಿ ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ಚಮಚದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಹಾಕಿ. ವಾಂತಿಯಾಯಿತಾ, 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ.

ನಡುನಡುವೆ ಇವನ್ನು ನೋಡುತ್ತಿರಿ: ಅತ್ತರೆ ಕಣ್ಣೀರು ಬರುತ್ತಿದೆಯಾ, ನಾಲಿಗೆ ಒದ್ದೆ ಇದೆಯಾ, ಕಣ್ಣು ಗುಳಿ ಬಿದ್ದಿದೆಯಾ, ಸಣ್ಣ ಮಗುವಾದರೆ ನೆತ್ತಿ ಒಳಕ್ಕೆ ಕುಸಿದಿದೆಯಾ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ, ತಕ್ಷಣ ಸಮವಾಗಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ, ಮಗು ಮಂಕಾಗಿ ಕುಡಿಯಲೂ ಏಳದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಆರೆಂಟು ಗಂಟೆ ಮೂತ್ರವೇ ಹೋಗದಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಮಗು ಕುಡಿಯುವ ಸ್ಥಿತಿಯಲ್ಲಿದ್ದರೆ ಚಮಚ ನಿಲ್ಲಿಸಬೇಡಿ.

ಆರೋಗ್ಯವಾಗಿರುವ ದಿನಗಳಲ್ಲಿ ಮಗುವಿಗೆ ಎಷ್ಟು ದ್ರವ ಬೇಕು ಅನ್ನೋದಕ್ಕೆ ಮಕ್ಕಳ ವೈದ್ಯರು 1957ರ ಹಾಲಿಡೇ-ಸೆಗರ್ ಲೆಕ್ಕವನ್ನು ಇಟ್ಟುಕೊಂಡಿದ್ದಾರೆ. ಮೊದಲ 10 ಕೆ.ಜಿ.ಗೆ ಕೆ.ಜಿ.ಗೆ 100 ಮಿ.ಲೀ., ಮುಂದಿನ 10 ಕೆ.ಜಿ.ಗೆ 50, ಆಮೇಲಿನ ಪ್ರತಿ ಕೆ.ಜಿ.ಗೆ 20. 15 ಕೆ.ಜಿ. ಮಗುವಿಗೆ 1,250 ಮಿ.ಲೀ. ಆಯಿತು. ಇದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಮಾಡಿದ ಲೆಕ್ಕ, ಹಾಲು, ಊಟ, ಹಣ್ಣು ಎಲ್ಲದರ ನೀರೂ ಇದರಲ್ಲೇ ಬರಬೇಕು. ಬಾಟಲಿ ಹಿಡಿದು ಮಗುವಿನ ಹಿಂದೆ ಓಡಲು ಅಲ್ಲ.

ಹಂತ 5: ಹದಿಹರೆಯ ಮತ್ತು ನಡುವಯಸ್ಸು

ಹನ್ನೆರಡರ ಆಸುಪಾಸಿನವರೆಗೆ ಹುಡುಗ ಹುಡುಗಿಯರ ನೀರಿನ ಶೇಕಡಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆಮೇಲೆ ಹುಡುಗರಲ್ಲಿ ಸ್ನಾಯು ಬೆಳೆಯುತ್ತದೆ, ಹುಡುಗಿಯರಲ್ಲಿ ಕೊಬ್ಬು ಸೇರುತ್ತದೆ, ದಾರಿ ಬೇರೆಯಾಗುತ್ತದೆ. ಅದು ಕೊರತೆ ಅಲ್ಲ.

ಆರೋಗ್ಯವಂತ ದೊಡ್ಡವರಿಗೆ ನಿಜ ಹೇಳಬೇಕೆಂದರೆ ಹೆಚ್ಚು ಹೇಳುವುದೇನೂ ಇಲ್ಲ. ಬಾಯಾರಿದಾಗ ಕುಡಿಯಿರಿ. ದಿನಕ್ಕೆ ಎಂಟು ಲೋಟ ಅನ್ನೋದು ಯಾರಿಗೂ ನಿಯಮ ಅಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ್ದು ಹೆಂಗಸರಿಗೆ ದಿನಕ್ಕೆ 2 ಲೀಟರ್, ಗಂಡಸರಿಗೆ 2.5 ಲೀಟರ್, ಅದರಲ್ಲಿ ಊಟದ ನೀರೂ ಸೇರಿದೆ. ಟೀ, ಕಾಫಿಯೂ ಲೆಕ್ಕಕ್ಕೆ ಬರುತ್ತವೆ. ಮೂತ್ರ ತಿಳಿಹಳದಿ ಇದ್ದರೆ ಸಾಕು. ಬಿ-ಕಾಂಪ್ಲೆಕ್ಸ್ ಮಾತ್ರೆ ತಿಂದ ದಿನ ಗಾಢ ಹಳದಿ ಬಂದರೆ ಅದು ಮಾತ್ರೆಯ ಬಣ್ಣ.

ಓಡುವವರು, ಬಿಸಿಲಲ್ಲಿ ದುಡಿಯುವವರು ಮಾತ್ರ ಒಂದು ಕೆಲಸ ಮಾಡಬಹುದು. ಮುಂಚೆ ಒಮ್ಮೆ, ಆಮೇಲೆ ಬೆವರು ಒರೆಸಿಕೊಂಡು ಒಮ್ಮೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಹೋಗಿದೆ. ಶೇ 2ಕ್ಕಿಂತ ಹೆಚ್ಚು, ಅಂದರೆ 70 ಕೆ.ಜಿ.ಯವರಲ್ಲಿ 1.4 ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಿದ್ದರೆ ಮುಂದಿನ ಸಲ ನಡುವೆ ಇನ್ನಷ್ಟು ಕುಡಿಯಬೇಕು. ತೂಕ ಏರಿದ್ದರೆ? ಆಗ ನೀವು ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. ಇದು ತಮಾಷೆಯಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿ ರಕ್ತ ಕೊಟ್ಟ 488 ಜನರಲ್ಲಿ ಶೇ 13 ಮಂದಿಯ ಸೋಡಿಯಂ ಕಡಿಮೆಯಾಗಿತ್ತು, ಓಟದಲ್ಲಿ ತೂಕ ಏರಿದವರಿಗೇ ಇದು ಹೆಚ್ಚಾಗಿ ಕಂಡದ್ದು.

ಬಸುರಿಯರ ಲೆಕ್ಕವೇ ಬೇರೆ. ದಿನ ತುಂಬುವ ಹೊತ್ತಿಗೆ ಮೈಯ ನೀರು 6-8 ಲೀಟರ್ ಹೆಚ್ಚಾಗಿರುತ್ತದೆ. ಸಂಜೆಗೆ ಪಾದ ಊದಿಕೊಳ್ಳುವುದು ಅದರ ಒಂದು ಭಾಗ, ನೀರು ಕಡಿಮೆ ಕುಡಿದರೆ ಊತ ಇಳಿಯುತ್ತದೆ ಅಂತ ಬಾಯಿ ಕಟ್ಟಬೇಡಿ. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿ, ತಲೆನೋವು, ಕಣ್ಣು ಮಂಜು ಜೊತೆಗೆ ಬಂದರೆ ಆ ದಿನವೇ ರಕ್ತದೊತ್ತಡ ನೋಡಿಸಿ.

ಹಂತ 6: ಹಿರಿಯರು: ಬಾಯಾರಿಕೆಗೆ ಕಾಯಬೇಡಿ

ಇಲ್ಲಿ ಮಾತ್ರ "ಬಾಯಾರಿದಾಗ ಕುಡಿಯಿರಿ" ಅನ್ನೋ ಮಾತು ಕೈಕೊಡುತ್ತದೆ. 1984ರಲ್ಲಿ ಬಂದ ಒಂದು ಅಧ್ಯಯನದಲ್ಲಿ 67ರಿಂದ 75 ವರ್ಷದ ಆರೋಗ್ಯವಂತ ಗಂಡಸರನ್ನೂ ಯುವಕರನ್ನೂ 24 ಗಂಟೆ ನೀರಿಲ್ಲದೆ ಇಟ್ಟು ನೋಡಿದರು. ಹಿರಿಯರಿಗೆ ಬಾಯಾರಿಕೆ ಅಷ್ಟಾಗಿ ಆಗಲೇ ಇಲ್ಲ, ನೀರು ಕೊಟ್ಟ ಮೇಲೂ ಅವರು ಕಡಿಮೆಯೇ ಕುಡಿದರು. ಜೊತೆಗೆ ವಯಸ್ಸಾದಂತೆ ಕಿಡ್ನಿಗೆ ಮೂತ್ರ ಗಟ್ಟಿ ಮಾಡುವ ಶಕ್ತಿ ಇಳಿಯುತ್ತದೆ, ನೀರು ಕಡಿಮೆ ಇದ್ದಾಗಲೂ ತೆಳು ಮೂತ್ರವೇ ಹೋಗಬಹುದು. ಸ್ನಾಯು ಕರಗಿರುವುದರಿಂದ ಮೈಯಲ್ಲಿ ಕೂಡಿಟ್ಟ ನೀರೂ ಕಮ್ಮಿ. ಮೂರೂ ಒಟ್ಟಿಗೆ ಬರುವುದೇ ಸಮಸ್ಯೆ.

ಹಾಗಾಗಿ ಹಿರಿಯರಿಗೆ ಗಡಿಯಾರ ನೋಡಿ ಕೊಡಬೇಕು. ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳುವ ಪ್ರಕಾರ ಕುಡಿಯುವ ದ್ರವ ಹಿರಿಯ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್. ನೀರೇ ಆಗಬೇಕಿಲ್ಲ, ಹಾಲು, ಟೀ, ಅವರಿಗೆ ಏನು ಇಷ್ಟವೋ ಅದು. ಹೃದಯ ಅಥವಾ ಕಿಡ್ನಿಯ ಕಾಯಿಲೆಗೆ ವೈದ್ಯರು ದ್ರವಕ್ಕೆ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯೇ ಅಂತಿಮ, ಈ ಸಂಖ್ಯೆ ಅವರಿಗಲ್ಲ.

"ಕುಡಿಯಮ್ಮಾ" ಅಂದರೆ "ಆಮೇಲೆ ಕುಡಿತೀನಿ ಬಿಡು" ಅನ್ನುತ್ತಾರೆ. ಯಾಕೆ ಅಂತ ಕೇಳಿ ನೋಡಿ. ಬಹಳ ಸಲ ಬಾಯಾರಿಕೆ ಇಲ್ಲ ಅನ್ನೋದಕ್ಕಿಂತ, ರಾತ್ರಿ ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋಗಬೇಕಲ್ಲ, ಕತ್ತಲಲ್ಲಿ ಬಿದ್ದರೆ ಅನ್ನೋ ಭಯ. ಅದಕ್ಕೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಎದ್ದ ಕೂಡಲೇ ಒಂದು ಲೋಟ, ಪ್ರತಿ ಊಟದ ಜೊತೆ ಒಂದು, ಮಾತ್ರೆ ನುಂಗುವಾಗ ಗುಟುಕಿನ ಬದಲು ಪೂರ್ತಿ ಲೋಟ, ಹೀಗೆ ಬಹುಪಾಲನ್ನು ಸಂಜೆಯೊಳಗೆ ಮುಗಿಸಿಬಿಡಿ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ಒಂದು ಸಣ್ಣ ದೀಪ ಹಾಕಿ. ಲೋಟ ಹಗುರವಾಗಿರಲಿ, ಕೈಗೆ ಸಿಗುವ ಹಾಗಿರಲಿ. ನಡುಗುವ ಕೈಗೆ ಹಿಡಿಯಿರುವ ಕಪ್ ಬೇಕು. ಕಡೆಗಣಿಸುವ ವಿಷಯ ಇದು, ಆದರೆ ಭಾರದ ಸ್ಟೀಲ್ ಚೊಂಬನ್ನು ಎತ್ತಲಾಗದೆ ನೀರು ಬಿಡುವವರು ಇದ್ದಾರೆ.

ಮಗುವಿನಲ್ಲಿ ನೋಡಿದ ಗುರುತುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಂಗೈ ಚರ್ಮ ಎತ್ತಿ ಬಿಟ್ಟರೆ ಮಡಿಕೆ ನಿಲ್ಲುವುದು ಮುಪ್ಪಿನಲ್ಲಿ ಸಹಜ, ಚರ್ಮದ ಬಿಗಿ ಹೋಗಿರುತ್ತದೆ. ಮೂತ್ರದ ಬಣ್ಣವನ್ನೂ ನಂಬುವಂತಿಲ್ಲ. ಸಂಶಯವಿದ್ದರೆ ರಕ್ತ ಪರೀಕ್ಷೆಯೇ ಸರಿಯಾದ ದಾರಿ, ಆಸ್ಮೊಲಾಲಿಟಿ (ರಕ್ತದಲ್ಲಿ ಕರಗಿರುವ ಉಪ್ಪು, ಸಕ್ಕರೆಯಂಥವು ಎಷ್ಟು ಗಾಢವಾಗಿವೆ ಅನ್ನೋ ಅಳತೆ) 300 ದಾಟಿದ್ದರೆ ನೀರು ಕಡಿಮೆ ಅಂತ ಅರ್ಥ. ಮನೆಯಲ್ಲಿ ನೀವು ಗಮನಿಸಬಹುದಾದದ್ದು: ನಿನ್ನೆ ಸರಿಯಿದ್ದವರು ಇವತ್ತು ತಬ್ಬಿಬ್ಬಾಗಿ ಮಾತಾಡುವುದು, ಎದ್ದು ನಿಂತರೆ ತಲೆ ತಿರುಗುವುದು, ಇದ್ದಕ್ಕಿದ್ದಂತೆ ತೂಕಡಿಕೆ ಜಾಸ್ತಿಯಾಗುವುದು, ಎರಡು ದಿನದಲ್ಲಿ ತೂಕ ಇಳಿಯುವುದು. ತಬ್ಬಿಬ್ಬಾಗಿದ್ದನ್ನು "ವಯಸ್ಸಾಯ್ತಲ್ಲ, ಅರಳುಮರಳು" ಅಂತ ತಳ್ಳಿಹಾಕಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ, ಯಾಕಂದರೆ ಸೋಡಿಯಂ ಇಳಿದರೂ ಹೀಗೇ ಆಗುತ್ತದೆ, ಆಗ ಇನ್ನಷ್ಟು ನೀರು ಕುಡಿಸಿದರೆ ಕೆಡುತ್ತದೆ.

ಕೊನೆಗೆ ಔಷಧಿಯ ವಿಷಯ. ಮೈಯಲ್ಲಿ ನೀರು ಕಮ್ಮಿಯಾದಾಗ ನೀರಿನಲ್ಲಿ ಕರಗುವ ಔಷಧಿ ಅಷ್ಟೇ ಪ್ರಮಾಣದಲ್ಲಿ ಕೊಟ್ಟರೂ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಈ ಸಾಲಿಗೆ ಸೇರುತ್ತವೆ. ಮದ್ಯವೂ ಅಷ್ಟೇ, ಮೂವತ್ತರಲ್ಲಿ ಏನೂ ಮಾಡದ ಅದೇ ಒಂದು ಗ್ಲಾಸು ಎಪ್ಪತ್ತರಲ್ಲಿ ಕಾಲು ತಪ್ಪಿಸುತ್ತದೆ. ಆತಂಕ ಕಡಿಮೆ ಮಾಡಲು ಕೊಡುವ ಡೈಯಾಜಿಪಾಮ್‌ನಂಥ ಕೊಬ್ಬಿನಲ್ಲಿ ಕರಗುವ ಮಾತ್ರೆಯದು ಇನ್ನೊಂದು ಕಥೆ, ಅದು ಹೆಚ್ಚಿದ ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಮಂಕು ಹಿಡಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುತ್ತಿರುವ ಹಿರಿಯರಿಗೆ ಜ್ವರವೋ ಭೇದಿಯೋ ಶುರುವಾದರೆ ಆ ದಿನ ಮಾತ್ರೆ ತಿನ್ನಬೇಕೋ ಬಿಡಬೇಕೋ ಅಂತ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ನೂ ಒಳ್ಳೆಯದೆಂದರೆ ಅವರು ಚೆನ್ನಾಗಿರುವಾಗಲೇ, ಮುಂದಿನ ಸಲ ತೋರಿಸಲು ಹೋದಾಗ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿ ಹಿಡಿದು ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಆ ಪಟ್ಟಿಯ ಮೇಲೇ ಬರೆಸಿಕೊಂಡು ಬನ್ನಿ.